ಒಂದೇ ಬಿಲ್ಲೆಯಲ್ಲಿ ಬೆಳಕು ಮತ್ತು ವಿದ್ಯುತ್ತು

ಈಚೆಗೆ ‘ಫೋಟಾನಿಕ್ ಚಿಪ್’ ಎಂಬ ಮಾತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಬರುತ್ತಲಿದೆ. ಬೆಳಕಿನ ಸಾಧನಗಳನ್ನೂ ವಿದ್ಯುತ್ತಿನ ಸಾಧನಗಳನ್ನೂ ಅರೆವಾಹಕದ ಒಂದೇ ಬಿಲ್ಲೆಯ ಮೇಲೆ ಕೂಡಿಸುವ ವಿದ್ಯೆಗೆ ಸಂಬಂಧಪಟ್ಟ ಮಾತಿದು. ಇದು ಬೆಂಗಳೂರು, ಮುಂಬಯಿಗಳಂಥ ಶಹರಗಳ ವಿಷಯ. ಅಕ್ಕಿಆಲೂರು, ಹಾನಗಲ್ಲ, ಹಿರೇಕೆರೂರುಗಳ ಒಕ್ಕಲು ಮಕ್ಕಳಿಗೆ ಇದರಿಂದ ಆಗಬೇಕಾದುದೇನು ಎಂದು ಪುಟ ತಿರುವಿಹಾಕುವ ವಾಚಕರು ಅನೇಕರಿರಬಹುದು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ಈ ವಿದ್ಯೆಯ ಫಲವು ಅವರ ಊರ ಅಗಸೆಯನ್ನು ಈಗಾಗಲೇ ದಾಟಿ ಒಳಗೆ ಬಂದಿರುತ್ತದೆ.

ಗ್ರಾಮಪಂಚಾಯತಿಗಳಿಗೆ ಬೆಳಕಿನ ಎಳೆಯನ್ನು ಒಯ್ಯುವ ಯೋಜನೆಗೆ ಭಾರತ ಸರಕಾರವು 2011ರಲ್ಲಿ ಒಪ್ಪಿಗೆಯನ್ನಿತ್ತಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ದೇಶದ ಸುಮಾರು ಎರಡೂವರೆ ಲಕ್ಷ ಪಂಚಾಯತಿಗಳನ್ನು ಮುಟ್ಟುವುದು ಅದರ ಗುರಿ. ಎರಡು ಲಕ್ಷಕ್ಕೂ ಮಿಕ್ಕ ಪಂಚಾಯತಿಗಳನ್ನು ಅದು ಮುಟ್ಟಿಯೂ ಇದೆ. ರಸ್ತೆಯ ಬದಿಗೆ ಅಗೆದು ಹೂಳಿದ ಆ ಗಾಜಿನ ಎಳೆಯು ಕೂದಲಿನ ಗಾತ್ರದ್ದು. ಅದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆದರೆ ಪಂಚಾಯತಿಯ ಕಚೇರಿಯಲ್ಲಿರುವ ಗಣಕಯಂತ್ರಕ್ಕೆ ಬೆಳಕಿನ ಭಾಷೆ ತಿಳಿಯದು; ಅದು ಬಲ್ಲದ್ದು ವಿದ್ಯುತ್ತಿನ ಭಾಷೆಯೊಂದನ್ನೇ. ಆದುದರಿಂದ ಎಳೆಯ ಎರಡೂ ತುದಿಗಳಲ್ಲಿ ಒಬ್ಬ ದುಭಾಷಿಯು ಬೇಕು. ಈ ಕಡೆಯಿಂದ ಬಂದ ವಿದ್ಯುತ್ತಿನ ಸಂಕೇತವನ್ನು ಬೆಳಕಾಗಿಯೂ, ಆ ಕಡೆಯಿಂದ ಬಂದ ಬೆಳಕನ್ನು ವಿದ್ಯುತ್ತಾಗಿಯೂ ಮಾರ್ಪಡಿಸುವುದು ಅವನ ಕೆಲಸ.

ಈ ದುಭಾಷಿಯು ಕೂಡುವ ಪೆಟ್ಟಿಗೆಯನ್ನು ನಮ್ಮವರು ಕಟ್ಟಬಲ್ಲರು. 1984ರಲ್ಲಿ ಸ್ಥಾಪಿತವಾದ ಸರಕಾರದ ಸಿ-ಡಾಟ್ ಸಂಸ್ಥೆಯೂ, 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್ ಕಂಪನಿಯೂ ಇಂಥ ಉಪಕರಣಗಳನ್ನು ರೂಪಿಸಿ ಈ ಯೋಜನೆಗೆ ಒದಗಿಸಿರುವುದು ಸಂತೋಷದ ಸಂಗತಿ. ಆದರೆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ, ಬೆಳಕನ್ನು ಹೊರಡಿಸುವ ಮತ್ತು ಹಿಡಿಯುವ ಬಿಲ್ಲೆಗಳು ಬಹುಪಾಲು ಪರದೇಶದವು. ಪೆಟ್ಟಿಗೆ ಸ್ವದೇಶಿ, ಪ್ರಾಣ ಪರದೇಶಿ. ಈ ಪ್ರಾಣವನ್ನು ನಮ್ಮ ನೆಲದಲ್ಲಿಯೇ ತುಂಬಲು ಬರುವುದೋ ಇಲ್ಲವೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಬರುವುದೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುವ ಮೊದಲು ವಿದ್ಯೆಯ ಸ್ವರೂಪವನ್ನು ತಿಳಿದುಕೊಳ್ಳೋಣ.

2000ದ ಪದಾರ್ಥವಿಜ್ಞಾನದ ನೊಬೆಲ್ ಪಾರಿತೋಷಕವು ಇಬ್ಭಾಗವಾಗಿ ಸಂದಿತು. ಒಂದು ಅರ್ಧವು 1958ರಲ್ಲಿ ವಿದ್ಯುನ್ಮಂಡಲದ ಅಂಗಗಳನ್ನೆಲ್ಲ ಒಂದೇ ತುಣುಕಿನಲ್ಲಿ ಕೂಡಿಸಿ ತೋರಿಸಿದ ಅಮೇರಿಕೆಯ ಜಾಕ್ ಕಿಲ್ಬಿಯವರಿಗೆ; ಇನ್ನೊಂದು ಅರ್ಧವು ಭಿನ್ನ ಅರೆವಾಹಕಗಳ ಪದರುಗಳನ್ನು ಜೋಡಿಸುವ ವಿದ್ಯೆಯಿಂದ ಇಂದಿನ ಲೇಸರುಗಳಿಗೆ ದಾರಿಮಾಡಿದ ರಶಿಯದ ಅಲ್ಫೆರೋವ್ ಮತ್ತು ಜರ್ಮನಿಯಲ್ಲಿ ಹುಟ್ಟಿದ ಕ್ರೋಮರ್ ಇವರಿಗೆ. ಒಂದು ಅರ್ಧ ವಿದ್ಯುತ್ತಿನದು, ಒಂದು ಅರ್ಧ ಬೆಳಕಿನದು. ಈ ಎರಡು ಅರ್ಧಗಳನ್ನು ಒಂದುಗೂಡಿಸುವ ಆಸೆ ಅದಕ್ಕಿಂತಲೂ ಹಳೆಯದು. ಕೋಣೆಯಷ್ಟಗಲದ ಮೇಜಿನ ಮೇಲೆ ಹರಡಿಕೊಂಡಿರುವ ಮಸೂರ, ಕನ್ನಡಿಗಳ ಕೆಲಸವನ್ನು ಒಂದು ತೆಳುಪದರಿನಲ್ಲಿ ಅಡಗಿಸಬಹುದೆಂದು ಬೆಲ್ ಪ್ರಯೋಗಶಾಲೆಯ ಸ್ಟೀವರ್ಟ್ ಮಿಲ್ಲರ್ ಅವರು 1969ರಲ್ಲಿಯೇ ಬರೆದರು. 1978ರಲ್ಲಿ ಕ್ಯಾಲಿಫೋರ್ನಿಯದ ತಂತ್ರವಿದ್ಯಾಪೀಠದ ಅಮ್ನಾನ್ ಯಾರಿವ್ ಮತ್ತು ಅವರ ಸಂಗಡಿಗರು ಗ್ಯಾಲಿಯಂ ಆರ್ಸೆನೈಡಿನ ಒಂದೇ ತುಣುಕಿನ ಮೇಲೆ ಲೇಸರನ್ನೂ ಅದನ್ನು ನಡೆಸುವ ವಿದ್ಯುತ್ಸಾಧನವನ್ನೂ ಕೂಡಿಸಿದರು.

ಹಾಗಾದರೆ ಕೆಲಸ ಅಂದೇ ಮುಗಿಯಲಿಲ್ಲವೇಕೆ? ಲೋಕದ ಎಣಿಕೆಯ ಯಂತ್ರಗಳೆಲ್ಲ ಸಿಲಿಕಾನಿನವು, ಗ್ಯಾಲಿಯಂ ಆರ್ಸೆನೈಡಿನವಲ್ಲ. ಸಿಲಿಕಾನು ಮರಳಿನಿಂದ ಬರುವುದು, ಅಗ್ಗವಾದುದು, ಹೇಳಿದಂತೆ ಕೇಳುವುದು. ಆದರೆ ಬೆಳಕು ಕೊಡುವ ಗುಣ ಅದಕ್ಕಿಲ್ಲ. ಅರೆವಾಹಕದಲ್ಲಿ ಇಲೆಕ್ಟ್ರಾನು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಗ್ಯಾಲಿಯಂ ಆರ್ಸೆನೈಡಿನಲ್ಲಿ ಈ ಮೆಟ್ಟಿಲುಗಳು ಒಂದರ ಕೆಳಗೊಂದು ನೇರವಾಗಿವೆ. ಸಿಲಿಕಾನಿನಲ್ಲಿ ಓರೆಯಾಗಿವೆ. ಅಲ್ಲಿ ಇಲೆಕ್ಟ್ರಾನು ಇಳಿಯಬೇಕಾದರೆ ಹರಳಿನ ಕಂಪನದಿಂದ ಒಂದು ತಳ್ಳು ಸಿಗಬೇಕು. ಅದು ಸಿಗುವಷ್ಟರಲ್ಲಿ ಶಕ್ತಿಯು ಬಹುಮಟ್ಟಿಗೆ ಶಾಖವಾಗಿ ಹೋಗಿಬಿಡುತ್ತದೆ.

ಇಲ್ಲಿ ಕನ್ನಡನಾಡಿಗೆ ಹೆಮ್ಮೆ ತರುವ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಈ ಹಟಮಾರಿ ಸಿಲಿಕಾನಿನಿಂದ ಮೊದಲು ಲೇಸರ್ ಕಿರಣವನ್ನು ಹೊರಡಿಸಿದ್ದು 2004ರಲ್ಲಿ, ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದಲ್ಲಿ. ಮರುವರ್ಷ ಇಂಟೆಲ್ ಕಂಪನಿಯವರು ಅದನ್ನು ಎಡೆಬಿಡದೆ ಬೆಳಗುವಂತೆ ಮಾಡಿದರು. ಎರಡಕ್ಕೂ ಆಧಾರವಾದುದು ರಾಮನ್ ಪರಿಣಾಮ. ಸರ್ ಚಂದ್ರಶೇಖರ ವೆಂಕಟರಾಮನ್ನರು ಅದನ್ನು ಕಂಡುಹಿಡಿದದ್ದು 1928ರಲ್ಲಿ ಕಲಕತ್ತೆಯಲ್ಲಿ. ಆದರೆ 1933ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರದ ನಿರ್ದೇಶಕರಾಗಿ ಬಂದು, 1948ರಲ್ಲಿ ಅಲ್ಲಿಯೇ ತಮ್ಮ ಸ್ವಂತ ಸಂಶೋಧನಾಲಯವನ್ನು ಕಟ್ಟಿ, 1970ರ ವರೆಗೆ ನಮ್ಮವರಾಗಿಯೇ ಬಾಳಿದರು. ಒಂದು ಮಾತು ಮಾತ್ರ ನಿಜ. ಆ ಲೇಸರಿಗೆ ಹೊರಗಿನಿಂದ ಬೇರೊಂದು ಬೆಳಕನ್ನು ಊಡಬೇಕಾಗುತ್ತದೆ. ವಿದ್ಯುತ್ತನ್ನು ಹರಿಸಿದ ಮಾತ್ರದಿಂದ ಅದು ಹೊತ್ತಿಕೊಳ್ಳುವುದಿಲ್ಲ.

ಹೀಗಾಗಿ ಬೆಳಕು ಕೊಡುವ ಅನ್ಯ ಅರೆವಾಹಕವನ್ನು ಸಿಲಿಕಾನಿನ ಮೇಲೆ ಕೂರಿಸಬೇಕಾಯಿತು. ಇದು ಹೇಳಿದಷ್ಟು ಸುಲಭವಲ್ಲ. ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲಿಗೆ ಆಂಗ್‌ಸ್ಟ್ರಾಮ್ ಎನ್ನುತ್ತಾರೆ. ಹರಳಿನಲ್ಲಿ ಅಣುಗಳ ಕಟ್ಟಡವು ಮರುಕಳಿಸುವ ಅಳತೆ ಸಿಲಿಕಾನಿನಲ್ಲಿ 5.43 ಆಂಗ್‌ಸ್ಟ್ರಾಮ್, ಗ್ಯಾಲಿಯಂ ಆರ್ಸೆನೈಡಿನಲ್ಲಿ 5.65, ಇಂಡಿಯಂ ಫಾಸ್ಫೈಡಿನಲ್ಲಿ 5.87. ಒಂದರ ಮೇಲೊಂದನ್ನು ಬೆಳೆಯಿಸಹೋದರೆ ಸಾಲುಗಳು ತಪ್ಪಿ ಬಿರುಕು ಹುಟ್ಟುತ್ತವೆ, ಬೆಳಕು ಆರುತ್ತದೆ. ಇಳಕಲ್ಲಿನ ಸೀರೆಯನ್ನು ನೋಡಿದವರಿಗೆ ಈ ತೊಡಕು ಬೇಗನೆ ತಿಳಿದೀತು. ಅಲ್ಲಿ ಒಡಲಿನ ಹಾಸು ನೂಲಿನದು, ಸೆರಗಿನ ಹಾಸು ರೇಷಿಮೆಯದು. ಎರಡನ್ನೂ ಒಂದೇ ಹಾಸೆಂದು ಭ್ರಮಿಸಿ ನೇಕಾರನು ಮಗ್ಗಕ್ಕೆ ಹೂಡುವುದಿಲ್ಲ. ಎಳೆಗೆ ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾನೆ. 2006ರಲ್ಲಿ ಇಂಟೆಲ್ ಕಂಪನಿಯವರೂ ಸಾಂತಾ ಬಾರ್ಬರಾದ ಜಾನ್ ಬೋವರ್ಸರ ತಂಡದವರೂ ಮಾಡಿದ್ದು ಸರಿಸುಮಾರು ಇದನ್ನೇ. ಇಂಡಿಯಂ ಫಾಸ್ಫೈಡನ್ನು ಬೇರೆಯಾಗಿಯೇ ಬೆಳೆಯಿಸಿ, ಆಮೇಲೆ ಸಿಲಿಕಾನಿನ ಮೈಗೆ ಬೆಸೆದರು. ಬೆಳಕು ಹುಟ್ಟಿದ್ದು ಸೆರಗಿನಲ್ಲಿ, ಹರಿದದ್ದು ಒಡಲಿನಲ್ಲಿ.

ಹರಿಸುವ ಕೆಲಸದಲ್ಲಿ ಮಾತ್ರ ಸಿಲಿಕಾನಿಗೆ ಸಾಟಿಯಿಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಅದು ಗೋಡೆ. ಆದರೆ ಗಾಜಿನ ಎಳೆಯಲ್ಲಿ ಹರಿಯುವ, 1.3ರಿಂದ 1.55 ಮೈಕ್ರಾನಿನ ಕಾಣದ ಬೆಳಕಿಗೆ ಅದು ತಿಳಿನೀರಿನಂತೆ ಪಾರದರ್ಶಕ. ಈ ಮಾತನ್ನು ಎತ್ತಿಹಿಡಿದು, ಸಿಲಿಕಾನಿನಲ್ಲಿಯೇ ಬೆಳಕಿನ ಕಾಲುವೆ ತೋಡಬಹುದೆಂದು 1980ರ ದಶಕದಲ್ಲಿ ತೋರಿಸಿದವರು ಅಮೇರಿಕೆಯ ರಿಚರ್ಡ್ ಸೋರೆಫ್. ಮಳಗಿಯ ಧರ್ಮಾ ಜಲಾಶಯದಿಂದ ಹಾನಗಲ್ಲ ಸೀಮೆಯ ಗದ್ದೆಗಳಿಗೆ ನೀರು ಬರುವಂತೆ ಇಲ್ಲಿ ಬೆಳಕು ಬರುತ್ತದೆ. ಕಾಲುವೆಯ ಅಗಲ ಸುಮಾರು 500 ನ್ಯಾನೋಮೀಟರು, ಎತ್ತರ 220. ಒಂದು ಕೂದಲಿನ ಅಗಲದಲ್ಲಿ ಇಂಥವು ನೂರಕ್ಕೂ ಮಿಕ್ಕು ಹಿಡಿದಾವು. ಸಿಲಿಕಾನು ಬೆಳಕನ್ನು ಗಾಜಿಗಿಂತ ಎರಡು ಪಾಲಿಗೂ ಮಿಕ್ಕು ಬಗ್ಗಿಸುವುದರಿಂದ ಬೆಳಕು ದಂಡೆ ಮೀರಿ ಹೊರಗೆ ಹೋಗಲಾರದು. ದಂಡೆಯು ಕೆಲವೇ ನ್ಯಾನೋಮೀಟರು ಒರಟಾಗಿದ್ದರೂ ಮಾತ್ರ ಬೆಳಕು ಚೆದುರಿ ಸೋರಿಹೋಗುತ್ತದೆ. ಕಾಲುವೆಯ ನೀರನ್ನು ಕಾದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂದ ಬೆಳಕನ್ನು ಹಿಡಿದು ವಿದ್ಯುತ್ತಾಗಿಸಲು ಪಾರದರ್ಶಕವಾದ ಸಿಲಿಕಾನು ಒದಗದು. ಅದಕ್ಕೆ ಜರ್ಮೇನಿಯಂ ಬೇಕು. ಕಿಲ್ಬಿಯವರ ಮೊದಲ ತುಣುಕು ಜರ್ಮೇನಿಯಮ್ಮಿನದು. ಬೆಂಗಳೂರಿನ ಭಾರತ ಇಲೆಕ್ಟ್ರಾನಿಕ್ಸ್ ಕಾರಖಾನೆಯೂ ಮೊದಮೊದಲು ಟ್ರಾನ್ಸಿಸ್ಟರುಗಳನ್ನು ಜರ್ಮೇನಿಯಮ್ಮಿನಿಂದಲೇ ಮಾಡಿತು. ಆಮೇಲೆ ಸಿಲಿಕಾನು ಅದನ್ನು ಹೊರಗಟ್ಟಿತು. ಈಗ ಹಳೆಯ ಆಳು ಹೊಸ ಕೆಲಸಕ್ಕೆ ಮರಳಿ ಬಂದಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ, ಸೀಸದ ಅದಿರಾದ ಗೆಲೀನಾ ಹರಳಿನಿಂದ ವಿದ್ಯುತ್ತರಂಗಗಳನ್ನು ಹಿಡಿಯುವ ಸಾಧನಕ್ಕೆ ಆಚಾರ್ಯ ಜಗದೀಶಚಂದ್ರ ಬೋಸರು 1904ರಲ್ಲಿಯೇ ಅಮೇರಿಕೆಯ ಪೇಟೆಂಟನ್ನು ಪಡೆದಿದ್ದರು. ಅದು ಬೆಳಕಿಗೂ ಓಗೊಡುತ್ತಿತ್ತು.

ಇಷ್ಟಾದರೂ ಬೆಳಕಿನ ಪಕ್ಕದಲ್ಲಿ ವಿದ್ಯುತ್ತಿನ ಮಂಡಲ ಇರಲೇಬೇಕೆ ಎಂಬ ಪ್ರಶ್ನೆ ಏಳಬಹುದು. ಇರಲೇಬೇಕು. ಬಿಲ್ಲೆಯ ಮೇಲೆ ಬೆಳಕಿಗೆ ಸಂದೇಶವನ್ನು ಹೊರಿಸುವ ಒಂದು ಸಾಧನವೆಂದರೆ ಸಿಲಿಕಾನಿನ ಚಿಕ್ಕ ಬಳೆ. ಕಾಲುವೆಯ ಮಗ್ಗುಲಲ್ಲಿ ಕೆಲವೇ ಮೈಕ್ರಾನುಗಳ ಬಳೆಯನ್ನಿಟ್ಟರೆ, ಅದರ ಸುತ್ತಳತೆಗೆ ಒಪ್ಪುವ ಬಣ್ಣದ ಬೆಳಕೊಂದೇ ಅದರೊಳಗೆ ಸುತ್ತುತ್ತ ನಿಲ್ಲುತ್ತದೆ. ಉಳಿದ ಬಣ್ಣಗಳು ಮುಂದೆ ಸಾಗುತ್ತವೆ. ಅಲ್ಪ ವಿದ್ಯುತ್ತನ್ನು ಕೊಟ್ಟು ಬಳೆಯ ಗುಣವನ್ನು ತುಸು ಬದಲಿಸಿದರೆ ತೂಬು ತೆರೆದು ಮುಚ್ಚಿದಂತಾಗುತ್ತದೆ, ಅದೂ ಕ್ಷಣಕ್ಕೆ ನೂರಾರು ಕೋಟಿ ಸಲ. ಆದರೆ ಬಳೆಯು ಶಾಖಕ್ಕೆ ಬಹಳ ಅಂಜುವುದು. ಒಂದು ಡಿಗ್ರಿ ಬಿಸಿಯೇರಿದರೆ ಅದು ಹಿಡಿಯುವ ಬಣ್ಣವು ಸುಮಾರು ನ್ಯಾನೋಮೀಟರಿನ ಹತ್ತನೆಯ ಒಂದಂಶದಷ್ಟು ಸರಿದುಬಿಡುತ್ತದೆ. ಅದನ್ನು ನಿಮಿಷನಿಮಿಷಕ್ಕೂ ಅಳೆದು, ಬೇಕಾದಷ್ಟೇ ಕಾವು ಕೊಟ್ಟು, ಸರಿಯಾದ ಬಣ್ಣದ ಮೇಲೆ ನಿಲ್ಲಿಸುವ ಕಾವಲುಗಾರನು ವಿದ್ಯುನ್ಮಂಡಲವೇ. ಕಾವಲುಗಾರನು ದೂರವಿದ್ದಷ್ಟೂ ಕಾವಲು ಸಡಿಲ, ಖರ್ಚು ಹೆಚ್ಚು.

ಬೆಳಕು ಬಂದು ವಿದ್ಯುತ್ತನ್ನು ಓಡಿಸಿಬಿಡುವುದು, ಎಣಿಕೆಯೆಲ್ಲ ಇನ್ನು ಬೆಳಕಿನಲ್ಲಿಯೇ ನಡೆಯುವುದು ಎಂದು ಡಂಗುರ ಸಾರುವವರ ಮಾತನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಬೆಳಕಿನ ಕಣಗಳು ಒಂದನ್ನೊಂದು ಮುಟ್ಟದೆ ಹಾದುಹೋಗುತ್ತವೆ. ಅವನ್ನು ಕೂಡಿಹಾಕಿ ಕಾಪಿಡುವುದೂ ಕಷ್ಟ. ಲೆಕ್ಕ ಮಾಡುವುದು ಇಲೆಕ್ಟ್ರಾನಿನ ಧರ್ಮ, ಹೊತ್ತೊಯ್ಯುವುದು ಬೆಳಕಿನ ಧರ್ಮ. ಹೊತ್ತೊಯ್ಯುವುದರಲ್ಲಿ ಅದರ ಬಲವೆಷ್ಟೆಂಬುದಕ್ಕೆ ಪತ್ರಿಕೆಯವರ ಲೆಕ್ಕವೊಂದನ್ನು ಕೊಡುತ್ತೇವೆ. ಪುಟಕ್ಕೆ ಹತ್ತು ಸಾವಿರ ಅಕ್ಷರಗಳಂತೆ ಎಂಟು ಪುಟದ ಕನ್ನಡ ದಿನಪತ್ರಿಕೆಯೊಂದನ್ನು ಹಿಡಿಯಿರಿ. ಸೆಕೆಂಡಿಗೆ 100 ಗಿಗಾಬಿಟ್ ಸಾಗಿಸುವ ಬೆಳಕಿನ ಒಂದು ಕೊಂಡಿಯು ಅಂಥ ಐವತ್ತು ಸಾವಿರ ಸಂಚಿಕೆಗಳ ಅಕ್ಷರಗಳನ್ನು, ಎಂದರೆ ನೂರಮೂವತ್ತು ವರ್ಷಗಳಿಗೂ ಮಿಕ್ಕ ಪತ್ರಿಕೆಗಳನ್ನು, ಒಂದೇ ಸೆಕೆಂಡಿನಲ್ಲಿ ಆಚೆ ದಡಕ್ಕೆ ಮುಟ್ಟಿಸುತ್ತದೆ. ತಾಮ್ರದ ತಂತಿಗೂ ಆ ವೇಗವನ್ನು ಹೊರಿಸಬಹುದು; ಆದರೆ ವೇಗ ಹೆಚ್ಚಿದಂತೆ ತಂತಿಯಲ್ಲಿ ನಷ್ಟವೂ ಶಾಖವೂ ಹೆಚ್ಚಿ, ಕೆಲವು ಮೀಟರುಗಳಲ್ಲಿಯೇ ಅದು ಸೋಲುತ್ತದೆ. ಕೃತಕಬುದ್ಧಿಯ ಯಂತ್ರಗಳನ್ನು ಸಾವಿರಗಟ್ಟಲೆ ಪೇರಿಸಿಟ್ಟ ಮಂದಿರಗಳು ನುಂಗುವ ವಿದ್ಯುತ್ತಿನಲ್ಲಿ ಎಣಿಕೆಯದು ಒಂದು ಪಾಲಾದರೆ ಈ ಸಾಗಣೆಯದೂ ಒಂದು ಪಾಲು. ಆದುದರಿಂದಲೇ ಎನ್‌ವಿಡಿಯ ಕಂಪನಿಯು 2025ರ ಮಾರ್ಚಿಯಲ್ಲಿ ಬೆಳಕಿನ ಸಾಧನಗಳನ್ನು ಸ್ವಿಚ್ ಬಿಲ್ಲೆಯ ಮಗ್ಗುಲಿಗೇ ತಂದಿರಿಸಿದ ಉಪಕರಣಗಳನ್ನು ಘೋಷಿಸಿತು.

ಎರಡನ್ನೂ ಒಂದೇ ಬಿಲ್ಲೆಯಲ್ಲಿ ಅಚ್ಚು ಹಾಕಿ ತೋರಿಸಿದ ಪ್ರಯೋಗವು ಅದಕ್ಕೂ ಹಿಂದಿನದು. 2015ರ ಡಿಸೆಂಬರಿನಲ್ಲಿ ಅಮೇರಿಕೆಯ ಮೂರು ವಿಶ್ವವಿದ್ಯಾಲಯಗಳವರು ಪ್ರಕಟಿಸಿದ ಬಿಲ್ಲೆಯಲ್ಲಿ ಏಳು ಕೋಟಿಗೂ ಮಿಕ್ಕ ಟ್ರಾನ್ಸಿಸ್ಟರುಗಳೂ 850 ಬೆಳಕಿನ ಅಂಗಗಳೂ ಇದ್ದವು. ಅದರ ಅಳತೆ 3 ಮಿಲಿಮೀಟರಿಗೆ 6 ಮಿಲಿಮೀಟರು. ಹೆಸರಿನಲ್ಲಿಯೇ ಅಕ್ಕಿಯನ್ನು ಹೊತ್ತ ಊರಿನವರಿಗೆ ಹೇಳುವುದಾದರೆ, ಸುಮಾರು ಒಂದು ಅಕ್ಕಿಕಾಳಿನ ಉದ್ದ, ಅದಕ್ಕಿಂತ ತುಸು ಹೆಚ್ಚು ಅಗಲ. ಅದಕ್ಕೂ ಲೇಸರಿನ ಬೆಳಕನ್ನು ಹೊರಗಿನಿಂದಲೇ ಕೊಡಬೇಕಾಯಿತು ಎಂಬುದನ್ನು ಮರೆಯತಕ್ಕದ್ದಲ್ಲ. ಆದರೆ ನಮ್ಮ ವಿಚಾರಕ್ಕೆ ಮುಖ್ಯವಾದುದು ಬೇರೊಂದು ಸಂಗತಿ. ಆ ಬಿಲ್ಲೆಯನ್ನು ವಿಶೇಷವಾದ ಯಾವ ಹೊಸ ಕಾರಖಾನೆಯಲ್ಲಿಯೂ ಮಾಡಿರಲಿಲ್ಲ. ಗಣಕಯಂತ್ರದ ಬಿಲ್ಲೆಗಳನ್ನು ಮಾಡುತ್ತಿದ್ದ 45 ನ್ಯಾನೋಮೀಟರಿನ ಅಚ್ಚಿನಲ್ಲಿಯೇ, ಅದನ್ನು ಬದಲಿಸದೆ, ಮಾಡಿದ್ದರು. ಆ ಹೊತ್ತಿಗಾಗಲೇ ಅದು ಹಳೆಯ ಅಚ್ಚು.

ಅಚ್ಚು ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಮೋಗ್ಲಿಂಗ್ ಸಾಹೇಬರು 1843ರಲ್ಲಿ ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಲಿಥೋಗ್ರಫಿ ಎಂಬ ಅದೇ ಹೆಸರು ಇಂದು ಬಿಲ್ಲೆಯ ಕಾರಖಾನೆಯಲ್ಲಿಯೂ ಸಲ್ಲುತ್ತಿದೆ. ಮಸಿಯ ಬದಲು ಬೆಳಕು, ಕಲ್ಲಿನ ಬದಲು ಸಿಲಿಕಾನು. ಎಣಿಕೆಯ ಬಿಲ್ಲೆಗಳಲ್ಲಿ ಅಕ್ಷರವನ್ನು ಕಿರಿದುಗೊಳಿಸುವ ಪಂತ ನಡೆದಿದೆ. ಅತಿ ಕಿರಿದಾದ ಅಕ್ಷರವನ್ನು ಮೂಡಿಸುವ ಯಂತ್ರವನ್ನು ಹಾಲೆಂಡಿನ ಒಂದೇ ಕಂಪನಿಯು ಮಾಡುತ್ತದೆ. ಆ ಪಂತದಲ್ಲಿ ನಾವು ಬಹಳ ಹಿಂದೆ ಬಿದ್ದಿದ್ದೇವೆ. ಬೆಳಕಿನ ಬಿಲ್ಲೆಯಲ್ಲಿ ಈ ಪಂತವೇ ಇಲ್ಲ. 1.55 ಮೈಕ್ರಾನಿನ ಬೆಳಕು ಸಿಲಿಕಾನಿನೊಳಗೆ ಸುಮಾರು 450 ನ್ಯಾನೋಮೀಟರಿನ ಅಲೆಯಾಗುತ್ತದೆ. ಅದನ್ನು ಹಿಡಿಯುವ ಕಾಲುವೆಯು ಅದಕ್ಕಿಂತ ತೀರ ಕಿರಿದಾಗಲಾರದು. ಇಪ್ಪತ್ತು ಮೂವತ್ತು ವರ್ಷಗಳ ಹಿಂದಿನ ಪೀಳಿಗೆಯ ಅಚ್ಚಿನ ಯಂತ್ರವೇ ಈ ಕೆಲಸಕ್ಕೆ ಸಾಕು. ಪಂಜಾಬದ ಮೊಹಾಲಿಯಲ್ಲಿರುವ ಸರಕಾರದ ಅರೆವಾಹಕ ಕಾರಖಾನೆಯು ಬಲ್ಲ 180 ನ್ಯಾನೋಮೀಟರಿನ ಮುದ್ರಣವು ಇದೇ ಪಂಕ್ತಿಯದು. ಅದನ್ನು ಇದ್ದಂತೆಯೇ ಬೆಳಕಿಗೆ ಹೂಡಬಹುದೆಂದು ಇದರ ಅರ್ಥವಲ್ಲ. ಗಾಜಿನ ಪದರಿನ ಮೇಲೆ ಕೂತ ಸಿಲಿಕಾನು ಬೇಕು, ಜರ್ಮೇನಿಯಂ ಬೆಳೆಯಿಸುವ ಕುಲುಮೆ ಬೇಕು, ನುಣುಪಾದ ದಂಡೆ ಕೆತ್ತುವ ಕೈ ಬೇಕು. ಆದರೂ ಇವು ಎಟುಕದ ವಸ್ತುಗಳಲ್ಲ.

ಮೊಹಾಲಿಯಲ್ಲಿ ಉತ್ಪಾದನೆ ತೊಡಗಿದ್ದು 1984ರಲ್ಲಿ. 1989ರಲ್ಲಿ ಅದು ಬೆಂಕಿಗೆ ಸಿಕ್ಕಿ ವರ್ಷಗಟ್ಟಲೆ ಹಿಂದೆ ಬಿದ್ದಿತು. ಅದೇ 1984ರಲ್ಲಿ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಪ್ರಾಂತದ ಸರಕಾರವು ಲೂವೆನ್ ಪಟ್ಟಣದಲ್ಲಿ ಐಮೆಕ್ ಎಂಬ ಸಂಶೋಧನಾಲಯವನ್ನು ಕಟ್ಟಿತು. ಫ್ಲಾಂಡರ್ಸಿನ ಜನಸಂಖ್ಯೆ ಒಂದು ಕೋಟಿಯೂ ಇಲ್ಲ. ಅವರದು ಫ್ರೆಂಚ್ ಭಾಷೆಯ ಎದುರಿಗೆ ತಮ್ಮ ನುಡಿಯನ್ನು ಉಳಿಸಿಕೊಂಡ ನಾಡು. ಇಂದು ಜಗತ್ತಿನ ಬೆಳಕಿನ ಬಿಲ್ಲೆಗಳ ಸಂಶೋಧನೆಯಲ್ಲಿ ಐಮೆಕ್ಕಿನ ಹೆಸರು ಮುಂಚೂಣಿಯದು. ಒಂದೇ ತಟ್ಟೆಯ ಮೇಲೆ ಹತ್ತಾರು ವಿದ್ಯಾಲಯಗಳ ನಕ್ಷೆಗಳನ್ನು ಒಟ್ಟಿಗೆ ಅಚ್ಚು ಹಾಕಿ, ಖರ್ಚನ್ನು ಎಲ್ಲರಿಗೂ ಹಂಚುವ ಪದ್ಧತಿ ಅಲ್ಲುಂಟು. ಛಾಪಖಾನೆಯಲ್ಲಿ ಒಂದೇ ಹಾಳೆಯ ಮೇಲೆ ಹಲವರ ಲಗ್ನಪತ್ರಿಕೆಗಳನ್ನು ಹೊಡೆದು ಆಮೇಲೆ ಕತ್ತರಿಸಿಕೊಡುವುದಿಲ್ಲವೆ, ಹಾಗೆಯೆ. ಆರು ಕೋಟಿಯನ್ನು ಮೀರಿದ ಕರ್ನಾಟಕಕ್ಕೆ ಇದು ಏಕೆ ಸಾಧ್ಯವಾಗಬಾರದು?

ಜನ ಇಲ್ಲವೆಂದು ಯಾರೂ ಹೇಳಲಾರರು. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಎ. ಸೆಲ್ವರಾಜನ್, ಟಿ. ಶ್ರೀನಿವಾಸ್ ಮೊದಲಾದವರು ಈ ಶಾಸ್ತ್ರವನ್ನು ಹಿಂದಿನ ಶತಮಾನದಲ್ಲಿಯೇ ಕೈಗೆತ್ತಿಕೊಂಡಿದ್ದರು. 2010ರಲ್ಲಿ ಅಲ್ಲಿ ರೂಪುಗೊಂಡ ನ್ಯಾನೋವಿಜ್ಞಾನದ ಕೇಂದ್ರದಲ್ಲಿ, ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಯನ್ನು ಅಭ್ಯಾಸ ಮಾಡಿ ಬಂದ ಶಂಕರ್ ಕುಮಾರ್ ಸೆಲ್ವರಾಜ ಅವರ ತಂಡವು ಸಿಲಿಕಾನಿನ ಬೆಳಕಿನ ಕಾಲುವೆಗಳನ್ನು ನಮ್ಮ ನೆಲದಲ್ಲಿಯೇ ಕೆತ್ತುತ್ತಿದೆ. ಮದ್ರಾಸಿನ ಐ.ಐ.ಟಿ.ಯಲ್ಲಿಯೂ ಬಿಜೊಯ್ ಕೃಷ್ಣ ದಾಸರ ನೇತೃತ್ವದಲ್ಲಿ ಇದಕ್ಕೊಂದು ಕೇಂದ್ರವಿದೆ. ನಕ್ಷೆ ಬರೆಯುವವರಂತೂ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿಗೆ ಕಾಲಿಟ್ಟ 1985ರಿಂದಲೂ ನಮ್ಮಲ್ಲಿ ಹೇರಳ. ನಾಲ್ವತ್ತು ವರ್ಷಗಳಿಂದ ನಾವು ಹಸ್ತಪ್ರತಿ ಬರೆದು ಪರರ ಛಾಪಖಾನೆಗೆ ಕಳಿಸುತ್ತಲೇ ಇದ್ದೇವೆ.

ಹಣದ ಮಾತೋ? 2021ರ ಡಿಸೆಂಬರಿನಲ್ಲಿ ಭಾರತ ಸರಕಾರವು ಅರೆವಾಹಕ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿತು. ಅದರ ಒಂದು ವಿಭಾಗದಲ್ಲಿ ಸಿಲಿಕಾನ್ ಫೋಟಾನಿಕ್ಸ್ ಕಾರಖಾನೆಗಳ ಹೆಸರೂ ಸ್ಪಷ್ಟವಾಗಿದೆ. 2022ರ ತಿದ್ದುಪಡಿಯಂತೆ ಬಂಡವಾಳದ ಅರ್ಧದಷ್ಟು ನೆರವೂ ಉಂಟು. ಮೊದಲಿನ ದೊಡ್ಡ ಮಂಜೂರಿಗಳು ಗುಜರಾತ, ಆಸಾಮಗಳಿಗೆ ಹೋದವು. ಅದರಲ್ಲಿ ನಮಗೆ ಅಸೂಯೆಯಿಲ್ಲ. ಆದರೆ ಹತ್ತಾರು ಸಾವಿರ ಕೋಟಿಯ ಕಾರಖಾನೆಗಾಗಿ ಇತರ ಪ್ರಾಂತಗಳೊಡನೆ ಹರಾಜು ಕೂಗುವುದಕ್ಕಿಂತ, ಬೆಂಗಳೂರಿನ ಪ್ರಯೋಗಶಾಲೆಗೂ ಪೇಟೆಗೂ ನಡುವೆ ಐಮೆಕ್ಕಿನ ಮಾದರಿಯ ಹಂಚಿಕೆಯ ಅಚ್ಚುಕೂಟವೊಂದನ್ನು ಕಟ್ಟುವುದು ಕರ್ನಾಟಕ ಸರಕಾರಕ್ಕೆ ಹೆಚ್ಚು ಯೋಗ್ಯವಾದ ಕೆಲಸವೆಂದು ನಾವು ಭಾವಿಸುತ್ತೇವೆ. ಬೆಳಕಿನ ಬಿಲ್ಲೆಗೆ ಹಳೆಯ ಅಚ್ಚೇ ಸಾಕಾಗುವುದರಿಂದ ಅದಕ್ಕೆ ತಗಲುವ ಖರ್ಚು ಆ ದೊಡ್ಡ ಕಾರಖಾನೆಗಳ ಖರ್ಚಿನ ಸಮೀಪಕ್ಕೂ ಬಾರದು.

ಇದರಲ್ಲಿ ನಮ್ಮ ತಾಲೂಕುಗಳ ಪಾಲೂ ಇದೆ. ಬಿಲ್ಲೆಯನ್ನು ಅಚ್ಚು ಹಾಕಿದ ಮೇಲೆ ಅದಕ್ಕೆ ಗಾಜಿನ ಎಳೆಯನ್ನು ಕೂಡಿಸಬೇಕು. ಎಳೆಯೊಳಗಿನ ಬೆಳಕಿನ ದಾರಿ ಸುಮಾರು 9 ಮೈಕ್ರಾನು, ಬಿಲ್ಲೆಯ ಕಾಲುವೆ ಅರ್ಧ ಮೈಕ್ರಾನು. ಇವೆರಡರ ಬಾಯಿಗಳನ್ನು ಒಂದು ಮೈಕ್ರಾನಿನ ಆಚೀಚೆಯಾಗದಂತೆ ಹೊಂದಿಸಿ, ಅಂಟಿಸಿ, ಅಲುಗದಂತೆ ಮಾಡುವುದು ನುರಿತ ಕೈಯ ಕೆಲಸ. ತಯಾರಾದ ಸಾಧನದ ಬೆಲೆಯಲ್ಲಿ ದೊಡ್ಡ ಪಾಲು ಈ ಜೋಡಣೆ ಮತ್ತು ಪರೀಕ್ಷೆಗಳದೇ. ಹೊರಗಿನ ಕಾಲೇಜುಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ವಿಜ್ಞಾನಮಂದಿರದ ಯಂತ್ರಗಳ ಮೇಲೆ ಕೈಪಳಗಿಸಿಕೊಳ್ಳಲೆಂದು 2008ರಲ್ಲಿ ಒಂದು ಯೋಜನೆಯು ಬೆಂಗಳೂರು, ಮುಂಬಯಿಗಳಲ್ಲಿ ಆರಂಭವಾಗಿ ಮುಂದೆ ಇತರ ಐ.ಐ.ಟಿ.ಗಳಿಗೂ ಹಬ್ಬಿತು. ಹಾವೇರಿಯ ದೇವಗಿರಿಯಲ್ಲಿರುವ ಸರಕಾರಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಇಂಥ ಬಾಗಿಲುಗಳನ್ನು ತಟ್ಟಬೇಕು. ತಟ್ಟುವ ದಾರಿಯನ್ನು ಅವರ ಅಧ್ಯಾಪಕರು ಮೊದಲ ವರ್ಷದಲ್ಲಿಯೇ ತೋರಿಸಬೇಕು. ಪಾಠವು ಕನ್ನಡದಲ್ಲಿಯೂ ಸಿಗಬೇಕು. ಕಾಲುವೆ, ತೂಬು, ಬಳೆ, ಕೊಂಡಿ ಎಂಬ ಮಾತುಗಳಿಂದ ಈ ವಿದ್ಯೆಯ ಮುಕ್ಕಾಲು ಪಾಲನ್ನು ತಿಳಿಸಬಹುದು.

ನಮ್ಮ ರಸ್ತೆಗಳ ಬದಿಯಲ್ಲಿ ಕಡಿದುಹೋದ ಬೆಳಕಿನ ಎಳೆಗಳನ್ನು ಚಿಕ್ಕ ಯಂತ್ರವೊಂದರಲ್ಲಿಟ್ಟು ತುದಿಗೆ ತುದಿಯನ್ನು ಕರಗಿಸಿ ಬೆಸೆಯುವ ತರುಣರು ಈಗಾಗಲೇ ಇದ್ದಾರೆ. ಎಳೆಗೆ ಎಳೆಯನ್ನು ಬೆಸೆಯಬಲ್ಲ ಕೈಗೆ ಎಳೆಯನ್ನು ಬಿಲ್ಲೆಗೆ ಬೆಸೆಯುವುದು ಮುಂದಿನ ತರಗತಿ. ಆ ತರಗತಿಯನ್ನು ನಮ್ಮ ಐ.ಟಿ.ಐ. ಮತ್ತು ಡಿಪ್ಲೊಮಾ ಶಾಲೆಗಳಲ್ಲಿ ತೆರೆಯಲು ಒಂದು ಒಳ್ಳೆಯ ಸೂಕ್ಷ್ಮದರ್ಶಕ, ಮೈಕ್ರಾನಿನಷ್ಟು ಸರಿಸಬಲ್ಲ ಒಂದು ಜೋಡಣೆಯ ಮೇಜು, ಒಂದು ಲೇಸರು, ಬೆಂಗಳೂರಿನಲ್ಲಿ ಆರು ತಿಂಗಳು ಕಲಿತುಬಂದ ಒಬ್ಬ ಶಿಕ್ಷಕ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಜಿಲ್ಲೆಯ ಶಾಸಕರು ಬರುವ ಮುಂಗಡಪತ್ರದ ಹೊತ್ತಿಗೆ ಈ ಬೇಡಿಕೆಯನ್ನು ಸರಕಾರದ ಮುಂದಿಡಬೇಕೆಂದು ಕೋರುತ್ತೇವೆ.